ಬಾಗಿಲಲ್ಲಿ ನಿಂತ ಚೇಳು

ನಮ್ಮ ಮನೆಯಲ್ಲಿ ನನ್ನ ಅಧಿಕಾರ ನಡೆಯುವ ಕ್ಷೇತ್ರ ಒಂದೇ ಒಂದು. ಅದು ಇಂಗ್ಲಿಷ್ ವ್ಯಾಕರಣ. ಅಡಿಗೆಯ ಮನೆ, ಹಣದ ಬೀರು, ಟೆಲಿವಿಷನ್ನಿನ ಗುಂಡಿ, ಇವುಗಳಲ್ಲಿ ಯಾವುದರ ಮೇಲೂ ನನ್ನ ಮಾತು ಸಾಗುವುದಿಲ್ಲ. ಆದರೆ ಯಾರಾದರೂ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಬೇಕಾಗಿ ಬಂದಾಗ, "ತಾತನಿಗೆ ಒಂದು ಸಲ ತೋರಿಸು" ಎಂಬ ಮಾತು ಹೊರಟೇ ಹೊರಡುತ್ತದೆ. ಮೂವತ್ತೈದು ವರ್ಷ ಕಛೇರಿಯಲ್ಲಿ ಕುಳಿತು ಕಡತಗಳ ಮೇಲೆ ಟಿಪ್ಪಣಿ ಬರೆದ ನನಗೆ ಈಗ ಉಳಿದಿರುವ ಪಿಂಚಣಿ ಎರಡು. ಒಂದು ಸರ್ಕಾರ ಕೊಡುವುದು; ಇನ್ನೊಂದು ಇದು. ಮೊದಲನೆಯದು ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ, ಎರಡನೆಯದು ಯಾವಾಗಲಾದರೊಮ್ಮೆ.

ಮೊನ್ನೆ ಭಾನುವಾರ ಬೆಳಿಗ್ಗೆ ಈ ಎರಡನೆಯ ಪಿಂಚಣಿಯ ಕಂತು ಬಂತು. ಮೊಮ್ಮಗಳು ಈ ವರ್ಷ ಬಿ.ಎ. ಮುಗಿಸಿದ್ದಾಳೆ. ಯಾವುದೋ ಬ್ಯಾಂಕಿನ ಕೆಲಸಕ್ಕೆ ಅರ್ಜಿ ಬರೆದು, ಲ್ಯಾಪ್‌ಟಾಪನ್ನು ಆರತಿಯ ತಟ್ಟೆಯಂತೆ ಎರಡು ಕೈಯಲ್ಲೂ ಹಿಡಿದು ತಂದು ನನ್ನ ಮುಂದಿಟ್ಟಳು. "ತಾತ, ಬೇಗ ನೋಡಿಬಿಡಿ. ಇವತ್ತೇ ಕಳಿಸಬೇಕು" ಎಂದಳು. ಕಾಫಿಯ ಲೋಟವನ್ನು ಕೆಳಗಿಟ್ಟು, ಕನ್ನಡಕ ಏರಿಸಿ ಓದಿದೆ. ಮೊದಲನೆಯ ವಾಕ್ಯ ಹೀಗಿತ್ತು: "ಹ್ಯಾವಿಂಗ್ ಸ್ಟಡೀಡ್ ಎಕನಾಮಿಕ್ಸ್ ಫಾರ್ ತ್ರೀ ಇಯರ್ಸ್, ಯುವರ್ ಬ್ಯಾಂಕ್ ಈಸ್ ಮೈ ಫಸ್ಟ್ ಚಾಯ್ಸ್."

"ಪುಟ್ಟೀ, ಮೂರು ವರ್ಷ ಅರ್ಥಶಾಸ್ತ್ರ ಓದಿದವರು ಯಾರು?" ಎಂದೆ.

"ನಾನೇ. ಫೀಸು ಕಟ್ಟಿದವರು ನೀವೇ ಅಲ್ಲವೇ?"

"ಇಲ್ಲಿ ಬ್ಯಾಂಕು ಓದಿದ ಹಾಗಿದೆಯಲ್ಲ!"

ಅವಳು ಇನ್ನೊಮ್ಮೆ ನೋಡಿದಳು. "ಬ್ಯಾಂಕು ಹೇಗೆ ಓದುತ್ತೆ ತಾತ? ಅರ್ಥ ಆಗುತ್ತಲ್ಲ, ಸಾಲದೇ? ಕಂಪ್ಯೂಟರು ಕೂಡ ಕೆಂಪು ಗೆರೆ ಎಳೆದಿಲ್ಲ."

ಒಳಗಿನಿಂದ ನನ್ನಾಕೆಯ ಧ್ವನಿ ಕೇಳಿಸಿತು: "ಬ್ಯಾಂಕೇ ಮೂರು ವರ್ಷ ಅರ್ಥಶಾಸ್ತ್ರ ಓದಿದ್ದರೆ ಒಳ್ಳೆಯದೇ ಆಯಿತು ಬಿಡಿ. ಕಂಡ ಕಂಡವರಿಗೆ ಸಾಲ ಕೊಟ್ಟು ಮುಳುಗುವುದಾದರೂ ತಪ್ಪುತ್ತೆ."

ಎಲ್ಲರೂ ನಕ್ಕೆವು. ನಗುವಿನ ಸಂದಿಯಲ್ಲಿ ನನ್ನ ಅಧಿಕಾರ ಕರಗಿಹೋಯಿತು. ಆದರೆ "ಅರ್ಥ ಆಗುತ್ತಲ್ಲ" ಎಂಬ ಆ ಮಾತು ಮಾತ್ರ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ನಿಜವೇ, ಅರ್ಥವಾಗುತ್ತದೆ. ಬ್ಯಾಂಕು ಪರೀಕ್ಷೆಗೆ ಕುಳಿತಿತ್ತೆಂದು ಲೋಕದಲ್ಲಿ ಯಾರೂ ಭಾವಿಸುವುದಿಲ್ಲ. ಹಾಗಾದರೆ ನಾನು ತಕರಾರು ಮಾಡುವುದೇಕೆ? ಉತ್ತರ ನನಗೆ ಗೊತ್ತಿತ್ತು. ಆದರೆ ಅದನ್ನು ಹೇಳಬೇಕಾದರೆ ಐವತ್ತು ವರ್ಷದ ಹಿಂದಿನ ಒಂದು ಸಂಗತಿಯನ್ನು ಹೇಳಬೇಕು. ಅದಕ್ಕೂ ಮೊದಲು ಒಂದು ಚೇಳಿನ ವಿಷಯ ಹೇಳಬೇಕು.

ನಮ್ಮ ಕಾಲದಲ್ಲಿ ಇಂಗ್ಲಿಷ್ ಕಲಿತವರಿಗೆ ರೆನ್ ಮತ್ತು ಮಾರ್ಟಿನ್ ಎಂಬ ಜೋಡಿ ಹೆಸರು ಲವಕುಶರಷ್ಟೇ ಪರಿಚಿತ. ಅವರಿಬ್ಬರ ವ್ಯಾಕರಣದ ಪುಸ್ತಕದಲ್ಲಿ ಒಂದು ಚೇಳಿದೆ. ಯಾರೋ ಒಬ್ಬ ಪುಣ್ಯಾತ್ಮ ಗೇಟಿನ ಬಳಿ ನಿಂತಿದ್ದಾನೆ. ಅವನನ್ನು ಚೇಳು ಕುಟುಕುತ್ತದೆ. ಆದರೆ ವಾಕ್ಯವನ್ನು ಬರೆದಿರುವ ರೀತಿಯಿಂದ ಗೇಟಿನ ಬಳಿ ನಿಂತಿದ್ದದ್ದು ಚೇಳೇ ಎಂದಾಗುತ್ತದೆ. ಹೀಗೆ ಬರೆಯಬಾರದು ಎಂಬುದು ಪಾಠ. ನಮ್ಮ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಇದನ್ನು ಬಹಳ ಗಂಭೀರವಾಗಿ ವಿವರಿಸಿದರು. ಹಿಂದಿನ ಬೆಂಚಿನ ಒಬ್ಬ ಎದ್ದು, "ಸಾರ್, ಚೇಳಿಗೆ ಎಂಟು ಕಾಲು. ಅದು ನಿಲ್ಲಬಾರದೆ?" ಎಂದು ಕೇಳಿದ. ಅವನು ಮಾತ್ರ ಆ ಪೀರಿಯಡ್ಡಿನ ಉಳಿದ ಭಾಗವನ್ನು ಎರಡೇ ಕಾಲಿನ ಮೇಲೆ ನಿಂತು ಕಳೆಯಬೇಕಾಯಿತು. ಮಾರನೆಯ ದಿನ ಕರಿಹಲಗೆಯ ಮೇಲೆ ಕೊಡೆ ಹಿಡಿದು, ರುಮಾಲು ಸುತ್ತಿ, ಗೇಟಿಗೆ ಒರಗಿ ನಿಂತ ಚೇಳಿನ ಚಿತ್ರವಿತ್ತು. ಮೇಷ್ಟ್ರು ಅದನ್ನು ಅಳಿಸಲಿಲ್ಲ. "ಇದೇ ನೋಡಿ, ಈ ವಾಕ್ಯದ ಸರಿಯಾದ ಚಿತ್ರ" ಎಂದರು. ಅಂದು ಕಲಿತ ಇಂಗ್ಲಿಷಿನಲ್ಲಿ ಬಹಳಷ್ಟು ಮರೆತಿದೆ. ಆ ಚೇಳು ಮರೆತಿಲ್ಲ.

ಮೇಷ್ಟ್ರು ಹೇಳಿಕೊಟ್ಟ ನಿಯಮ ಸುಲಭವಾದದ್ದು. ರಾಜನಿಲ್ಲದ ರಾಜ್ಯದ ಕಥೆಯನ್ನು ಅಜ್ಜಿಯಿಂದ ನಾವೆಲ್ಲರೂ ಕೇಳಿದ್ದೇವಲ್ಲ. ಪಟ್ಟದಾನೆಯ ಸೊಂಡಿಲಿಗೆ ಹೂವಿನ ಹಾರ ಕೊಟ್ಟು ಬೀದಿಗೆ ಬಿಡುತ್ತಾರೆ, ಅದು ಯಾರ ಕೊರಳಿಗೆ ಹಾಕಿತೋ ಅವನೇ ರಾಜ. ಇಂಗ್ಲಿಷ್ ವಾಕ್ಯದ ಮೊದಲಿಗೆ ಕರ್ತೃವಿಲ್ಲದೆ ಬರುವ ಪದಗುಚ್ಛ ಈ ಪಟ್ಟದಾನೆ ಇದ್ದ ಹಾಗೆ. "ನಿಂತು", "ಓದಿ", "ನೋಡಿ" ಎಂಬ ಹಾರವನ್ನು ಸೊಂಡಿಲಲ್ಲಿ ಹಿಡಿದು ಹೊರಡುತ್ತದೆ. ಕಾಮಾ ದಾಟಿದ ಕೂಡಲೇ ಯಾರು ಎದುರಾಗುತ್ತಾನೋ ಅವನ ಕೊರಳಿಗೆ ಹಾಕಿಬಿಡುತ್ತದೆ. ಅವನು ಯೋಗ್ಯನೇ, ಅಯೋಗ್ಯನೇ ಎಂದು ಆನೆ ವಿಚಾರಿಸುವುದಿಲ್ಲ. ಎದುರಿಗೆ ಚೇಳು ಬಂದರೆ ಚೇಳಿಗೇ ಪಟ್ಟ.

ಇದಕ್ಕೆ ಪರಿಹಾರ ಎರಡು. ಹಾರ ಯಾರಿಗೆ ಸಲ್ಲಬೇಕೋ ಅವನನ್ನೇ ಕಾಮಾದ ಆಚೆ ಮೊದಲು ನಿಲ್ಲಿಸುವುದು ಒಂದು: "ಸ್ಟ್ಯಾಂಡಿಂಗ್ ಅಟ್ ದಿ ಗೇಟ್, ಐ ವಾಸ್ ಸ್ಟಂಗ್ ಬೈ ಎ ಸ್ಕಾರ್ಪಿಯನ್." ಇಲ್ಲವೇ ಹಾರವನ್ನು ಆನೆಯ ಕೈಗೆ ಕೊಡದೆ, ಮೊದಲ ಭಾಗದಲ್ಲೇ ಕರ್ತೃವನ್ನು ಹೆಸರಿಸಿಬಿಡುವುದು: "ವೈಲ್ ಐ ವಾಸ್ ಸ್ಟ್ಯಾಂಡಿಂಗ್ ಅಟ್ ದಿ ಗೇಟ್, ಎ ಸ್ಕಾರ್ಪಿಯನ್ ಸ್ಟಂಗ್ ಮಿ." ಇಷ್ಟೇ ವಿದ್ಯೆ. ಆದರೂ ತಪ್ಪುತ್ತದೆ. "ಅಟ್ ದಿ ಏಜ್ ಆಫ್ ಫೈವ್, ಮೈ ಫಾದರ್ ಡೈಡ್" ಎಂದು ಎಷ್ಟೋ ಅರ್ಜಿಗಳಲ್ಲಿ ನಾನೇ ಓದಿದ್ದೇನೆ. ಐದನೆಯ ವರ್ಷದಲ್ಲಿ ತೀರಿಕೊಂಡ ಬಾಲಕನಿಗೆ ಕೆಲಸ ಬೇಡುವ ವಯಸ್ಸಿನ ಮಗ ಇರುವುದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಪಾಪ, ತಂದೆ ಸತ್ತವನ ದುಃಖದ ಮುಂದೆ ವ್ಯಾಕರಣ ಬಾಯಿ ಮುಚ್ಚಿಕೊಳ್ಳುತ್ತದೆ.

ಇದು ನಮ್ಮಂಥ ಪರದೇಶದವರು ಮಾತ್ರ ಮಾಡುವ ತಪ್ಪೆಂದು ತಿಳಿಯಬೇಡಿ. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದ ಮೊದಲನೆಯ ಅಂಕದಲ್ಲಿ, ಸತ್ತ ರಾಜನ ಪ್ರೇತ ಮಗನ ಮುಂದೆ ನಿಂತು, ತಾನು ತೋಟದಲ್ಲಿ ಮಲಗಿದ್ದಾಗ ಹಾವು ಕಚ್ಚಿತೆಂದು ಊರಿಗೆಲ್ಲ ಸುದ್ದಿ ಹಬ್ಬಿಸಿದ್ದಾರೆ ಎನ್ನುತ್ತದೆ. ಮೂಲದ ಇಂಗ್ಲಿಷನ್ನು ವ್ಯಾಕರಣದ ಕಣ್ಣಿನಿಂದ ನೋಡಿದರೆ ತೋಟದಲ್ಲಿ ಮಲಗಿದ್ದದ್ದು ಹಾವೇ. ಈ ತಪ್ಪಿಗೆ ಉದಾಹರಣೆಯಾಗಿ ಪಂಡಿತರು ಈ ಸಾಲನ್ನು ಮತ್ತೆ ಮತ್ತೆ ಎತ್ತಿ ತೋರಿಸುವುದುಂಟು. ನನಗಂತೂ ಅದರಲ್ಲಿ ಇನ್ನೊಂದು ವಿಚಿತ್ರ ಕಾಣುತ್ತದೆ. ಹಾವು ಕಚ್ಚಿತೆಂಬ ಆ ಸುದ್ದಿಯೇ ಸುಳ್ಳು. ಕೊಂದವನು ಒಡಹುಟ್ಟಿದ ತಮ್ಮ. ವಾಕ್ಯದಲ್ಲೂ ಕರ್ತೃ ತಪ್ಪಿದ್ದಾನೆ, ಸುದ್ದಿಯಲ್ಲೂ ಕರ್ತೃ ತಪ್ಪಿದ್ದಾನೆ. ನಾಟಕ ಉದ್ದಕ್ಕೂ ನಡೆಯುವುದು ಈ ಎರಡನೆಯ ತಪ್ಪನ್ನು ತಿದ್ದುವುದಕ್ಕಾಗಿ.

ಇಂಗ್ಲಿಷರು ಈ ತಪ್ಪನ್ನು ಗಂಭೀರವಾಗಿ ಹಿಡಿದು ವಿಚಾರಣೆ ನಡೆಸಿದ್ದು ಬಹಳ ಹಿಂದಿನ ಮಾತಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ವಿಲಿಯಂ ಸ್ಟ್ರಂಕ್ ಎಂಬ ಪ್ರಾಧ್ಯಾಪಕರು 1918ರಲ್ಲಿ ತಮ್ಮ ವಿದ್ಯಾರ್ಥಿಗಳಿಗಾಗಿ ಅಚ್ಚು ಹಾಕಿಸಿದ ಸಣ್ಣ ಪುಸ್ತಕದಲ್ಲಿ ಇದನ್ನೊಂದು ನಿಯಮವಾಗಿಯೇ ಇಟ್ಟರು. ಆ ಪುಸ್ತಕವನ್ನು 1959ರಲ್ಲಿ ಅವರ ಶಿಷ್ಯ ಇ. ಬಿ. ವೈಟ್ ಪರಿಷ್ಕರಿಸಿ ಹೊರತಂದರು. ಆಮೇಲೆ ಅದು ಲೋಕವೆಲ್ಲ ಸುತ್ತಿತು. ಇಂಗ್ಲೆಂಡಿನ ಫೌಲರ್ 1926ರ ತನ್ನ ನಿಘಂಟಿನಲ್ಲಿ ಇವುಗಳಿಗೆ ಯಾವುದಕ್ಕೂ ಅಂಟಿಕೊಳ್ಳದ ಕೃದಂತಗಳೆಂದು ಹೆಸರಿಟ್ಟು ಎಚ್ಚರಿಕೆ ಹೇಳಿದ. ಆದರೆ "ಕನ್ಸಿಡರಿಂಗ್", "ರಿಗಾರ್ಡಿಂಗ್" ಮೊದಲಾದ ಕೆಲವು ಪದಗಳು ಬಳಕೆಯಲ್ಲಿ ಸವೆದು ಸವೆದು ಕ್ರಿಯೆಯ ಗುಣವನ್ನೇ ಕಳೆದುಕೊಂಡಿವೆ. ಅವುಗಳಿಗೆ ಕರ್ತೃ ಬೇಡ ಎಂದು ಬಿಡುಗಡೆಯನ್ನೂ ಕೊಟ್ಟಿದ್ದಾರೆ. ಪಿಂಚಣಿ ಪಡೆದ ಆನೆಗಳು ಅವು; ಹಾರ ಹಿಡಿದು ಬೀದಿಗೆ ಇಳಿಯುವುದಿಲ್ಲ.

ಆದರೆ ನಮ್ಮವರು ಈ ತಪ್ಪಿಗೆ ಬೀಳಲು ಬೇರೆಯೇ ಒಂದು ಕಾರಣವಿದೆ. ಅದನ್ನು ನನಗೆ ತಿಳಿಸಿದವರು ನನ್ನ ಜೊತೆ ಸಂಜೆ ಪಾರ್ಕಿಗೆ ಬರುವ ನಿವೃತ್ತ ಸಂಸ್ಕೃತ ಪಂಡಿತರು. ಒಮ್ಮೆ ನಾನು ಚೇಳಿನ ಕಥೆ ಹೇಳಿದಾಗ ಅವರು ಕಲ್ಲುಬೆಂಚಿನ ಮೇಲೆ ಕುಳಿತು, "ಕನ್ನಡದಲ್ಲಿ ಆ ವಾಕ್ಯ ಹೇಳಿ, ನೋಡೋಣ" ಎಂದರು.

"ಬಾಗಿಲಲ್ಲಿ ನಿಂತಿದ್ದಾಗ ಚೇಳು ಕಚ್ಚಿತು" ಎಂದೆ.

"ಯಾರು ನಿಂತಿದ್ದದ್ದು?"

"ನಾನೇ. ಅದನ್ನೇನು ಹೇಳಬೇಕೇ?"

"ಬೇಕಾಗಿಲ್ಲ. ಈಗ 'ಬಾಗಿಲಲ್ಲಿ ನಿಂತು ಚೇಳು ಕಚ್ಚಿತು' ಎನ್ನಿ."

ಬಾಯಲ್ಲಿ ಹೇಳಿ ನೋಡಿದೆ. ಕಿವಿಯೇ ಒಪ್ಪಲಿಲ್ಲ. ಓದು ಬರಹ ಬಾರದ ನಮ್ಮ ಹಾಲಿನವಳೂ ಹೀಗೆ ಹೇಳುವುದಿಲ್ಲ. ಇದೇ ಸೂಕ್ಷ್ಮ. "ನಿಂತು", "ಓದಿ", "ನೋಡುತ್ತ" ಎನ್ನುವ ರೂಪಗಳಿಗೆ ಕನ್ನಡದಲ್ಲೂ ಕರ್ತೃ ಒಬ್ಬನೇ ಇರಬೇಕು. "ಅಡಿಗೆ ಮಾಡಿ ಬೆಕ್ಕು ಹಾಲು ಕುಡಿಯಿತು" ಎಂದರೆ ಬೆಕ್ಕೇ ಒಲೆ ಹಚ್ಚಿತೆಂದಾಗುತ್ತದೆ. ಆದರೆ "ನಿಂತಿದ್ದಾಗ", "ಮಾಡುವಷ್ಟರಲ್ಲಿ", "ಹೋದಮೇಲೆ", "ಬಂದದ್ದರಿಂದ" ಎನ್ನುವ ರೂಪಗಳಿಗೆ ಈ ಕಟ್ಟಿಲ್ಲ. ಅಲ್ಲಿ ಕರ್ತೃ ಯಾರಾದರೂ ಆಗಬಹುದು, ಹೇಳದೆ ಬಿಡಲೂಬಹುದು. ಸಂದರ್ಭವೇ ತಿಳಿಸುತ್ತದೆ. ನಾವು ಮನಸ್ಸಿನಲ್ಲಿ "ನಿಂತಿದ್ದಾಗ" ಎಂದುಕೊಂಡು, ಕೈಯಲ್ಲಿ "ಸ್ಟ್ಯಾಂಡಿಂಗ್" ಎಂದು ಬರೆಯುತ್ತೇವೆ. ಆ "ಆಗ" ಎಂಬ ಪುಟ್ಟ ಬಾಲ ದಾರಿಯಲ್ಲಿ ಕಳಚಿ ಬೀಳುತ್ತದೆ. ಬಾಲ ಹೋದ ಕೂಡಲೇ ಚೇಳು ಬಾಗಿಲಲ್ಲಿ ಎದ್ದು ನಿಲ್ಲುತ್ತದೆ.

"ಹಾಗಾದರೆ 'ಮಳೆ ಬಂದು ಕೆರೆ ತುಂಬಿತು' ಎನ್ನುತ್ತೇವಲ್ಲ? ಬಂದದ್ದು ಮಳೆ, ತುಂಬಿದ್ದು ಕೆರೆ" ಎಂದು ನಾನೂ ಒಂದು ತಕರಾರು ತೆಗೆದೆ.

"ಎನ್ನುತ್ತೇವೆ. ಆದರೆ ಅಲ್ಲಿ ಮಳೆಯನ್ನೂ ಹೆಸರಿಸಿದ್ದೀರಿ, ಕೆರೆಯನ್ನೂ ಹೆಸರಿಸಿದ್ದೀರಿ. ಒಬ್ಬರ ಕೆಲಸ ಇನ್ನೊಬ್ಬರ ತಲೆಗೆ ಹೋಗುವ ಭಯವಿಲ್ಲ" ಎಂದರು ಪಂಡಿತರು. ಸಂಸ್ಕೃತದಲ್ಲಿ ಇದಕ್ಕಾಗಿಯೇ ಸತಿಸಪ್ತಮಿಯ ಪ್ರಯೋಗವಿದೆಯಂತೆ. ಇಂಗ್ಲಿಷಿನಲ್ಲೂ "ದಿ ರೇನ್ ಹ್ಯಾವಿಂಗ್ ಸ್ಟಾಪ್ಡ್, ವಿ ವೆಂಟ್ ಔಟ್" ಎಂದರೆ ತಪ್ಪಲ್ಲ. ನಿಂತದ್ದು ಮಳೆಯೆಂದು ಮೊದಲೇ ಹೇಳಿಯಾಗಿದೆ. ಮೂರು ಭಾಷೆಗೂ ನ್ಯಾಯ ಒಂದೇ: ಕೆಲಸ ಇಬ್ಬರದಾದರೆ ಇಬ್ಬರ ಹೆಸರನ್ನೂ ಹೇಳು.

ಪಂಡಿತರು ಅಲ್ಲಿಗೆ ಬಿಡುವವರಲ್ಲ. ಪಾಣಿನಿಯ ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯ, ನಾಲ್ಕನೆಯ ಪಾದ, ಇಪ್ಪತ್ತೊಂದನೆಯ ಸೂತ್ರಕ್ಕೆ ಕರೆದುಕೊಂಡು ಹೋದರು. ಒಬ್ಬನೇ ಕರ್ತೃ ಎರಡು ಕೆಲಸ ಮಾಡಿದಾಗ, ಮೊದಲು ಮಾಡಿದ ಕೆಲಸವನ್ನು ಹೇಳಲು "ಗತ್ವಾ", "ಪಠಿತ್ವಾ" ಎಂಬ ರೂಪಗಳು ಬರುತ್ತವೆ ಎಂಬುದು ಅದರ ತಾತ್ಪರ್ಯ. ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಆ ಮಹಾನುಭಾವ ಚೇಳನ್ನು ಹೊಸ್ತಿಲಿನ ಆಚೆಗೆ ನಿಲ್ಲಿಸಿದ್ದ! ಆದರೆ ಒಂದು ವ್ಯತ್ಯಾಸ ಉಂಟು. ಪಾಣಿನಿ ನೋಡುವುದು ಕೆಲಸ ಮಾಡಿದವನನ್ನು. ಇಂಗ್ಲಿಷಿನವರು ನೋಡುವುದು ವಾಕ್ಯದಲ್ಲಿ ಮೊದಲ ಕುರ್ಚಿಯಲ್ಲಿ ಕುಳಿತವನನ್ನು. ಸಂಸ್ಕೃತದಲ್ಲಿ "ಪತ್ರಂ ಪಠಿತ್ವಾ ಮಯಾ ಉತ್ತರಂ ಲಿಖಿತಮ್" ಎಂದರೆ ತಪ್ಪೇನಿಲ್ಲ. "ಮಯಾ", ಎಂದರೆ ನನ್ನಿಂದ, ಎಂದು ತೃತೀಯಾ ವಿಭಕ್ತಿಯಲ್ಲಿ ಮೂಲೆಗೆ ಸರಿದಿದ್ದರೂ ಕರ್ತೃ ಕರ್ತೃವೇ. ಓದಿದವನೂ ಬರೆದವನೂ ನಾನೇ. ಅದನ್ನೇ ಇಂಗ್ಲಿಷಿನ ಕರ್ಮಣಿ ಪ್ರಯೋಗಕ್ಕೆ ತಿರುಗಿಸಿ, "ಹ್ಯಾವಿಂಗ್ ರೆಡ್ ದಿ ಲೆಟರ್, ಎ ರಿಪ್ಲೈ ವಾಸ್ ರಿಟನ್ ಬೈ ಮಿ" ಎಂದು ಬರೆಯಿರಿ. ಈಗ ಪತ್ರವನ್ನು ಓದಿದ್ದು ನಾನಲ್ಲ, ನನ್ನ ಉತ್ತರ!

ನಮ್ಮ ಕಛೇರಿಗಳ ಇಂಗ್ಲಿಷಿನಲ್ಲಿ ಈ ತಪ್ಪು ಹುಲುಸಾಗಿ ಬೆಳೆಯಲು ಕರ್ಮಣಿ ಪ್ರಯೋಗದ ಮೇಲಿನ ಪ್ರೀತಿಯೇ ಗೊಬ್ಬರ. "ಕಡತವನ್ನು ಪರಿಶೀಲಿಸಿ ವಿಷಾದಿಸಲಾಗಿದೆ." ಪರಿಶೀಲಿಸಿದವರು ಯಾರು, ವಿಷಾದ ಪಟ್ಟವರು ಯಾರು, ದೇವರಿಗೇ ಗೊತ್ತು. ಕುರ್ಚಿ ಮಾತ್ರ ಇದೆ, ಕುಳಿತವರು ಕಾಣುವುದಿಲ್ಲ.

ಇಷ್ಟೆಲ್ಲ ಪಾಂಡಿತ್ಯ ನನಗೆ ಮೊದಲೇ ಇತ್ತೆಂದು ವಾಚಕರು ತಿಳಿಯಬಾರದು. ಶಾಲೆಯಲ್ಲಿ ಚೇಳನ್ನು ನೋಡಿ ನಕ್ಕಿದ್ದೆ, ಅಷ್ಟೆ. ನಿಯಮವನ್ನು ನಿಜವಾಗಿ ಕಲಿತದ್ದು 1975ರಲ್ಲಿ. ಆ ಪಾಠದ ಶುಲ್ಕವನ್ನು ಕಟ್ಟಿದವನು ನಾನಲ್ಲ.

ಆಗ ನಾನು ಒಂದು ಸಣ್ಣ ಊರಿನ ಸರ್ಕಾರಿ ಕಛೇರಿಯಲ್ಲಿ ಗುಮಾಸ್ತೆ. ಕೆಲಸಕ್ಕೆ ಸೇರಿ ವರ್ಷ ತುಂಬಿತ್ತು, ಪ್ರೊಬೇಷನ್ ಮುಗಿದಿರಲಿಲ್ಲ. ಕಛೇರಿಗೆ ಒಬ್ಬನೇ ಜವಾನ. ನನಗಿಂತ ಹದಿನೈದು ವರ್ಷ ಹಿರಿಯ. ಬೆಳಿಗ್ಗೆ ಬಾಗಿಲು ತೆರೆಯುವುದು, ಸಂಜೆ ಕಿಟಕಿ ಮುಚ್ಚಿ ಬೀಗ ಹಾಕುವುದು ಅವನ ಕೆಲಸ. ಮೇ ತಿಂಗಳ ಮೊದಲ ಶನಿವಾರ ಸಂಜೆ ಅವನು ನನ್ನ ಮೇಜಿನ ಹತ್ತಿರ ಬಂದು ತಲೆ ಕೆರೆಯುತ್ತ ನಿಂತ. ಹಳ್ಳಿಯಲ್ಲಿ ಮಗುವಿಗೆ ಜ್ವರ. ಕೊನೆಯ ಬಸ್ಸು ತಪ್ಪಿದರೆ ನಡೆದೇ ಹೋಗಬೇಕು. ನಾನು ಒಂದು ತಃಖ್ತೆ ಮುಗಿಸಲು ಕುಳಿತಿದ್ದೆ. "ನೀನು ಹೋಗಪ್ಪ. ನಾನೇ ಬೀಗ ಹಾಕಿಕೊಂಡು ಹೋಗುತ್ತೇನೆ" ಎಂದೆ. ಅವನು ಕೈ ಮುಗಿದು ಹೊರಟುಹೋದ.

ಸೆಖೆಗೆ ನನ್ನ ಹಿಂದಿನ ಕಿಟಕಿಯನ್ನು ಪೂರ್ತಿ ತೆರೆದಿದ್ದೆ. ಕೆಲಸ ಮುಗಿಯುವ ಹೊತ್ತಿಗೆ ಕತ್ತಲಾಗಿತ್ತು. ಬಾಗಿಲಿಗೆ ಬೀಗ ಹಾಕಿದೆ, ಕಿಟಕಿಯನ್ನು ಮರೆತೆ. ಭಾನುವಾರ ರಾತ್ರಿ ಭರಣಿಯ ಮಳೆ ಗಾಳಿ ಸಮೇತ ಹೊಡೆಯಿತು. ಸೋಮವಾರ ಬೆಳಿಗ್ಗೆ ಜವಾನ ಬಾಗಿಲು ತೆರೆದು ನೋಡಿದರೆ, ಕಿಟಕಿಯ ಕೆಳಗಿನ ಕಟ್ಟೆಯ ಮೇಲಿದ್ದ ಏಳೆಂಟು ರಿಜಿಸ್ಟರುಗಳು ನೀರು ಕುಡಿದು ಉಬ್ಬಿದ್ದವು. ಪಾಪ, ಅವನೇ ಒಂದೊಂದು ಹಾಳೆಯನ್ನೂ ಬಿಡಿಸಿ ಬಿಸಿಲಿಗೆ ಹರಡಿದ.

ಮೇಲಿನ ಕಛೇರಿಗೆ ವರದಿ ಹೋಗಬೇಕು. ರಾಜ್ಯದ ಆಡಳಿತ ಭಾಷೆ ಕನ್ನಡವೆಂದು 1963ರಲ್ಲೇ ಕಾಯಿದೆಯಾಗಿದ್ದರೂ ಮೇಲಿನವರಿಗೆ ಇಂಗ್ಲಿಷಿನಲ್ಲಿ ಬರೆದರೇ ಗೌರವವೆಂಬ ಭಾವನೆ ನಮ್ಮಲ್ಲಿ ಇನ್ನೂ ಹೋಗಿರಲಿಲ್ಲ. ನಾನು ಮನಸ್ಸಿನಲ್ಲಿ ಕನ್ನಡದಲ್ಲೇ ವಾಕ್ಯ ಕಟ್ಟಿಕೊಂಡೆ: "ಶನಿವಾರ ಸಂಜೆ ಕಿಟಕಿ ತೆರೆದಿಟ್ಟು ಹೋದದ್ದರಿಂದ, ಸೋಮವಾರ ಬೆಳಿಗ್ಗೆ ಜವಾನ ನೋಡಿದಾಗ ರಿಜಿಸ್ಟರುಗಳು ನೆನೆದಿದ್ದವು." ಅದನ್ನು ಇಂಗ್ಲಿಷಿಗೆ ತಿರುಗಿಸಿದೆ: "ಹ್ಯಾವಿಂಗ್ ಲೆಫ್ಟ್ ದಿ ವಿಂಡೋ ಓಪನ್ ಆನ್ ಸ್ಯಾಟರ್ಡೇ ಈವ್‌ನಿಂಗ್, ದಿ ಪ್ಯೂನ್ ಫೌಂಡ್ ದಿ ರಿಜಿಸ್ಟರ್ಸ್ ಡ್ರೆಂಚ್ಡ್ ಆನ್ ಮಂಡೇ ಮಾರ್ನಿಂಗ್." ಓದಿಕೊಂಡೆ. ನನಗೆ ಅರ್ಥವಾಯಿತು. ಕಿಟಕಿ ಬಿಟ್ಟವನು ನಾನು, ಕಂಡವನು ಅವನು, ಇದರಲ್ಲಿ ತಿಳಿಯದಿರುವುದೇನು? ವಾಕ್ಯಕ್ಕೆ ಒಂದು ಗತ್ತಿದೆ ಎಂದೂ ಅನ್ನಿಸಿತು. ವರದಿ ತಪಾಲಿಗೆ ಹೋಯಿತು.

ಎರಡು ವಾರದ ಮೇಲೆ ಜವಾನ ಒಂದು ಕಾಗದ ಹಿಡಿದು ಬಂದ. "ಸ್ವಾಮಿ, ಇದೇನೋ ನನ್ನ ಹೆಸರಿಗೆ ಬಂದೈತೆ. ಏನು ಬರೆದವ್ರೆ, ವಸಿ ಓದಿ ಹೇಳಿ."

ಅದು ಮೆಮೊ. ಇಂಗ್ಲಿಷಿನಲ್ಲಿತ್ತು. ಕಿಟಕಿಯನ್ನು ತೆರೆದಿಟ್ಟು ಹೋದ ಅಲಕ್ಷ್ಯಕ್ಕಾಗಿ ನಿನ್ನ ಇನ್‌ಕ್ರಿಮೆಂಟನ್ನು ಏಕೆ ತಡೆಹಿಡಿಯಬಾರದು, ಆದ ನಷ್ಟವನ್ನು ನಿನ್ನ ಸಂಬಳದಿಂದ ಏಕೆ ಮುರಿದುಕೊಳ್ಳಬಾರದು, ಏಳು ದಿನದೊಳಗೆ ಸಮಜಾಯಿಷಿ ಕೊಡತಕ್ಕದ್ದು ಎಂದಿತ್ತು. ಕಾಗದದ ಮೇಲ್ಭಾಗದಲ್ಲಿ ನನ್ನ ವರದಿಯ ಸಂಖ್ಯೆ, ತಾರೀಖು. ಅರವತ್ತು ಮೈಲಿ ಆಚೆ ಕುಳಿತ ಅಧಿಕಾರಿಗೆ ಕಾಣುವುದು ನನ್ನ ವಾಕ್ಯ ಮಾತ್ರ. ವಾಕ್ಯದಲ್ಲಿ ಕಾಮಾ ದಾಟಿದ ಕೂಡಲೇ ಜವಾನ ನಿಂತಿದ್ದ. ಹಾರ ಅವನ ಕೊರಳಿಗೆ ಬಿತ್ತು. ಕಿಟಕಿ ಮುಚ್ಚುವುದು ಜವಾನನ ಕೆಲಸವೇ ಆದ್ದರಿಂದ ಅಧಿಕಾರಿಗೆ ಅನುಮಾನ ಬರಲು ಕಾರಣವೂ ಇರಲಿಲ್ಲ.

ಆ ಕ್ಷಣದಲ್ಲಿ ನನ್ನ ಮನಸ್ಸಿಗೆ ಮೊದಲು ಬಂದದ್ದೇನೆಂದು ಈಗ ಬರೆಯಬೇಕು. ನಾಚಿಕೆ ಬಂತು, ನಿಜ. ಆದರೆ ಅದು ಎರಡನೆಯದಾಗಿ ಬಂದದ್ದು. ಮೊದಲು ಬಂದದ್ದು ಒಂದು ನಿಟ್ಟುಸಿರು. ನನ್ನ ಹೆಸರು ಅದರಲ್ಲಿ ಇರಲಿಲ್ಲ.

"ಇದು ಕಛೇರಿಯ ವಿಷಯ. ನಾಳೆ ಹೇಳುತ್ತೇನೆ" ಎಂದೆ. ಮಾರನೆಯ ದಿನವೂ ನಾಳೆ ಎಂದೆ. ಹೀಗೆ ನಾಲ್ಕು ದಿನ ಕಳೆಯಿತು. ಐದನೆಯ ದಿನ ತಡೆಯಲಾರದೆ ಶಿರಸ್ತೇದಾರರ ಮನೆಗೆ ಹೋದೆ. ಹಳೆಯ ಕಾಲದ ಮನುಷ್ಯರು. ಎಲೆ ಅಡಿಕೆ ಮೆಲ್ಲುತ್ತ ನನ್ನ ವರದಿಯ ನಕಲನ್ನು ಎರಡು ಸಲ ಓದಿದರು. ಇಂಗ್ಲಿಷು ಸ್ವಲ್ಪ ತಪ್ಪಿದೆ ಎಂದು ನಾನು ಶುರುಮಾಡಿದೆ. ಅವರು ಕಾಮಾದ ಮೇಲೆ ಬೆರಳಿಟ್ಟರು. "ಇಲ್ಲಿ ಜವಾನ ಇದ್ದಾನೆ. ಇಲ್ಲಿ ಕಿಟಕಿ ಇದೆ. ರಿಜಿಸ್ಟರು ಇದೆ. ಶನಿವಾರ, ಸೋಮವಾರ ಎಲ್ಲಾ ಇದೆ. ನೀನು ಎಲ್ಲಿ ಹೋದೆಯಯ್ಯ?" ಎಂದರು. ನಾನು ಮಾತನಾಡಲಿಲ್ಲ. ಅವರೂ ಮುಂದೆ ಏನೂ ಹೇಳಲಿಲ್ಲ; ಒಳಗೆ ತಿರುಗಿ, "ಒಂದು ಲೋಟ ಕಾಫಿ ತನ್ನಿ" ಎಂದರು.

ಆ ರಾತ್ರಿ ಹೊಸ ವರದಿ ಬರೆದೆ. ಮೊದಲನೆಯ ವಾಕ್ಯದಲ್ಲಿ ಐದೇ ಪದ: "ಐ ಲೆಫ್ಟ್ ದಿ ವಿಂಡೋ ಓಪನ್." ನನ್ನ ಮೂವತ್ತೈದು ವರ್ಷದ ಕಛೇರಿಯ ಇಂಗ್ಲಿಷಿನಲ್ಲಿ ಅಷ್ಟು ಚಿಕ್ಕ ವಾಕ್ಯ ಮತ್ತೊಂದಿಲ್ಲ. ಅಷ್ಟು ಹೊತ್ತು ಹಿಡಿದ ವಾಕ್ಯವೂ ಮತ್ತೊಂದಿಲ್ಲ. ಫಲವಾಗಿ ಜವಾನನ ಮ್ಯಾಮೊ ರದ್ದಾಯಿತು. ನನಗೆ ಎಚ್ಚರಿಕೆ ಬಂತು; ರಿಜಿಸ್ಟರುಗಳ ರಟ್ಟು ಕಟ್ಟಿಸಿದ ಖರ್ಚು 18 ರೂಪಾಯಿ ನನ್ನ ಸಂಬಳದಿಂದ ಹೋಯಿತು; ಪ್ರೊಬೇಷನ್ ಆರು ತಿಂಗಳು ಮುಂದಕ್ಕೆ ಹೋಯಿತು. ಇವು ಯಾವುವೂ ದೊಡ್ಡ ಶಿಕ್ಷೆಯಲ್ಲ.

ಜವಾನನಿಗೆ ವಿಷಯ ತಿಳಿಸಿದಾಗ ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ವಾರದಿಂದ ಉಣ್ಣಾಕೆ ಸೇರ್ತಿರ್ಲಿಲ್ಲ ಸ್ವಾಮಿ. ಮನೇಲೂ ಯೋಳಿರ್ಲಿಲ್ಲ" ಎಂದ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಕೇಳಿದ: "ಇಂಗ್ಲೀಸ್ನಲ್ಲಿ ಅಂಗೇ ಬರ್ತದಾ ಸ್ವಾಮಿ?"

"ಹೂಂ. ಇಂಗ್ಲಿಷಿನಲ್ಲಿ ಹಾಗೇ ಬರುತ್ತೆ" ಎಂದೆ.

ಕಾಮಾದ ಮುಂದೆ ಮಾಡಿದ ತಪ್ಪನ್ನು ತಿದ್ದಿದೆ, ಇದನ್ನು ತಿದ್ದಲಿಲ್ಲ. ಇಂಗ್ಲಿಷಿನಲ್ಲಿ ಹಾಗೆ ಬರುವುದಿಲ್ಲ. ಹಾಗೆ ಬರೆದವನು ನಾನು. ಅವನು ಇನ್ನೂ ಎಂಟು ವರ್ಷ ನನ್ನ ಜೊತೆ ಕೆಲಸ ಮಾಡಿದ. ನಿವೃತ್ತನಾದ ನಾಲ್ಕಾರು ವರ್ಷಕ್ಕೆ ತೀರಿಕೊಂಡನೆಂದು ಕೇಳಿದೆ. ಹೇಳಲು ಅವಕಾಶವಿರಲಿಲ್ಲವೆಂದರೆ ಸುಳ್ಳಾಗುತ್ತದೆ.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಒಳಗಿನಿಂದ ಬಂದ ನನ್ನಾಕೆಯೂ ಕಂಬಕ್ಕೆ ಒರಗಿ ನಿಂತು ಕೇಳಿದಳು. ಅವಳಿಗೂ ಇದು ಹೊಸದು. ರಾತ್ರಿ ಮಲಗುವ ಮೊದಲು ನಾನು ಎರಡೆರಡು ಸಲ ಕಿಟಕಿ ನೋಡುವುದು ಕಳ್ಳರ ಭಯದಿಂದೆಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು.

"ಅರ್ಥ ಆಗುತ್ತಲ್ಲ ಎಂದೆಯಲ್ಲ ಪುಟ್ಟಿ, ಆಗುತ್ತೆ. ಅಲ್ಲಿದ್ದವರಿಗೆ ಆಗುತ್ತೆ. ಅಲ್ಲಿಲ್ಲದವರ ಕೈಯಲ್ಲಿ ಇರುವುದು ಕಾಗದ ಒಂದೇ. ಅದರಲ್ಲಿ ನೀನು ಇಲ್ಲದಿದ್ದರೆ ಅವರು ಯಾರನ್ನು ಕಂಡರೆ ಅವರನ್ನೇ ಹಿಡಿಯುತ್ತಾರೆ. ನಿನ್ನ ಬ್ಯಾಂಕಿಗೆ ಇದರಿಂದ ಏನೂ ಆಗುವುದಿಲ್ಲ, ಸರಿ. ಆದರೆ ಕೈಗೆ ಅಭ್ಯಾಸವಾಗಿಬಿಡುತ್ತೆ" ಎಂದೆ.

ಅವಳು ಸ್ವಲ್ಪ ಹೊತ್ತು ಪರದೆಯನ್ನೇ ನೋಡಿದಳು. ಆಮೇಲೆ ಕೇಳಿದಳು: "ತಾತ, ಅವತ್ತು 'ಐ' ಅನ್ನುವುದನ್ನು ನೀವು ಮರೆತದ್ದೋ, ಬಿಟ್ಟದ್ದೋ?"

"ಅದನ್ನೇ ಐವತ್ತು ವರ್ಷದಿಂದ ನಾನೂ ಕೇಳಿಕೊಳ್ಳುತ್ತಿದ್ದೇನೆ" ಎಂದೆ.

ಅವಳು ಲ್ಯಾಪ್‌ಟಾಪನ್ನು ತನ್ನ ಕಡೆಗೆ ತಿರುಗಿಸಿಕೊಂಡು, ಮೊದಲನೆಯ ವಾಕ್ಯವನ್ನು ಅಳಿಸಿ, ಬೇರೆ ಬರೆದಳು: "ಐ ಹ್ಯಾವ್ ಸ್ಟಡೀಡ್ ಎಕನಾಮಿಕ್ಸ್ ಫಾರ್ ತ್ರೀ ಇಯರ್ಸ್." ಅದನ್ನು ನನಗೆ ತೋರಿಸಿದಳು. ತಿದ್ದಲು ಏನೂ ಇರಲಿಲ್ಲ. ಆರಿದ ಕಾಫಿಯನ್ನು ಬಿಸಿ ಮಾಡಿಕೊಂಡು ಬರಲು ನನ್ನಾಕೆ ಲೋಟ ಎತ್ತಿಕೊಂಡು ಒಳಗೆ ಹೋದಳು.